ಪರದೆ ಮೊದಲು, ದೀಪ ಆಮೇಲೆ

ಆ ಕೋಣೆಯಲ್ಲಿ ಸವೆದ ಪೆನ್ಸಿಲ್‌ಗಳನ್ನೆಲ್ಲ ಒಂದರ ಹಿಂದೊಂದು ಜೋಡಿಸಿದ್ದರೆ, ಬಿಟ್ಟು ಬಂದ ದೇಶದ ತನಕ ಸೇತುವೆ ಆಗುತ್ತಿತ್ತು. ಉಳಿದದ್ದರಲ್ಲಿ ಎರಡೂ ಕಡೆ ಕಟಕಟೆ ಹಾಕಿಸಬಹುದಿತ್ತು. ಕೆತ್ತಿದ ಹೊಟ್ಟಂತೂ ಮೊಣಕಾಲುದ್ದ ಬಿದ್ದಿತ್ತು. ಅದರ ನಡುವೆ ಕೂತು ರಬ್ಬರಮ್ಮ ಒಂದು ಕ್ರಾಂತಿಯನ್ನು ಬರೆಯುತ್ತಿದ್ದಳು. ನಿಜವಾದ ಕ್ರಾಂತಿ ಒಂದೇ ಚಳಿಗಾಲದಲ್ಲಿ ಮುಗಿದಿತ್ತು; ಅದರೊಳಗೆ ಸಿಕ್ಕ ಹುಡುಗಿಯ ಕತೆಯನ್ನು ಒಂದೊಂದೇ ಚಿತ್ರವಾಗಿ ಕೈಯಲ್ಲೇ ಬರೆದು ಅನಿಮೇಷನ್ ಸಿನಿಮಾ ಮಾಡಲು ಹೊರಟವಳಿಗೆ ಆರು ವರ್ಷ ಹಿಡಿದಿತ್ತು. ಸರ್ಕಾರ ಉರುಳಿಸಿದವರಿಗೂ ಇಷ್ಟು ಕೈನೋವು ಬಂದಿರಲಿಕ್ಕಿಲ್ಲ. ಅವಳ ಕಣ್ಣ ಕೆಳಗಿನ ಕಪ್ಪಿನಲ್ಲಿ ಪೆನ್ನು ಅದ್ದಿ ಇನ್ನೊಂದು ಸಿನಿಮಾ ಬರೆಯಬಹುದಿತ್ತು.

ರಬ್ಬರಮ್ಮ ಅನ್ನುವ ಹೆಸರು ಅವಳ ಸೋದರಮಾವ ಇಟ್ಟಿದ್ದು. ಬರೆದದ್ದಕ್ಕಿಂತ ಅವಳು ಅಳಿಸಿದ್ದೇ ಹೆಚ್ಚು ಅಂತ. ಮಾವ ಈ ದೇಶದಲ್ಲಿ ಮಾಡುತ್ತಿದ್ದ ಕೆಲಸ ಎತ್ತರದ ಕಟ್ಟಡವೊಂದರ ಲಿಫ್ಟಿನಲ್ಲಿ ಗುಂಡಿ ಒತ್ತುವುದು. ಆ ದೇಶದಲ್ಲಿ, ಅವನ ಬಾಯಿಂದಲೇ ಕೇಳಬೇಕು, ಅವನು ಚೌಕದಲ್ಲಿ ನಿಂತು ಕೆಮ್ಮಿದರೆ ಸೈನ್ಯ ಎರಡು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಸಿನಿಮಾದಲ್ಲಿ ಅವನ ಪಾಲಿಗೆ ಬಂದಿದ್ದು ಒಂದೇ ಮಾತು, "ನಡೀರಿ." ಅದನ್ನು ಭಾಷಣವಾಗಿ ಬೆಳೆಸಬೇಕೆಂದು ಅವನು ಬಂದಾಗಲೆಲ್ಲ ಗಂಟುಬೀಳುತ್ತಿದ್ದ.

ಮಾತು ಬೇಕಾಗಿದ್ದುದು ಅವನಿಂದಲ್ಲ, ಅಮ್ಮನಿಂದ.

ಅಮ್ಮ ಕೆಳಗಿನ ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅವಳು ಇಸ್ತ್ರಿ ಮಾಡಿದ ಅಂಗಿಯ ಮಡಿಕೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಬೀದಿಯವರು ಹೇಳುತ್ತಿದ್ದರು. ಯಾರಾದರೂ ಆ ದೇಶದ ಸುದ್ದಿ ಎತ್ತಿದರೆ ಸಾಕು, ಇಸ್ತ್ರಿಪೆಟ್ಟಿಗೆಯ ಹಬೆ ಜೋರು ಮಾಡಿಬಿಡುತ್ತಿದ್ದಳು. ಆ ಬುಸುಬುಸು ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಸಿನಿಮಾದೊಳಗಿನ ಅಮ್ಮನ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ನಟಿಯೊಬ್ಬಳನ್ನು ಕರೆಸಿ ಓದಿಸಿದ್ದರು. ಚಂದವಾಗಿಯೇ ಓದಿದಳು, ರೈಲು ಎಷ್ಟು ಗಂಟೆಗೆ ಹೊರಡುತ್ತದೆಂದು ಹೇಳುವವಳ ಹಾಗೆ. ಹಣ ಹಾಕಿದವರಿಗೆ ಅಷ್ಟೇ ಸಾಕಾಗಿತ್ತು. ಸೋಮವಾರದೊಳಗೆ ಬೇರೆ ದನಿ ಸಿಗದಿದ್ದರೆ ನಟಿಯದನ್ನೇ ಸೇರಿಸಿ ಮುಗಿಸಿ ಎಂದು ಹೇಳಿಬಿಟ್ಟಿದ್ದರು.

"ಅಮ್ಮಾ, ನಾಲ್ಕು ಮಾತು ಸಾಕು," ಎಂದು ರಬ್ಬರಮ್ಮ ಶನಿವಾರವೂ ಕೇಳಿದಳು.

"ನನ್ನ ಗಂಟಲಲ್ಲಿ ಏನಿದೆ ಅಂತ? ಕೆಮ್ಮಿದೆ. ಬೇಕಾದ್ರೆ ಅದನ್ನ ತಗೋ."

"ಅದನ್ನ ಮಾವ ಆಗಲೇ ಕೊಟ್ಟಿದ್ದಾನೆ."

ಅಮ್ಮ ನಕ್ಕಳು. ನಕ್ಕು, ಕಿಟಕಿಯ ಪರದೆ ಎಳೆದು ದೀಪ ಹಾಕಿದಳು.

ಇದೊಂದು ಅವರ ಮನೆಯ ಚಾಳಿ. ಸಂಜೆಯಾದರೆ ಮೊದಲು ಪರದೆ, ಆಮೇಲೆ ದೀಪ. ಕಿಟಕಿಯಾಚೆ ಇದ್ದುದು ಹಿಟ್ಟಿನ ಗಿರಣಿಯ ಕುರುಡು ಗೋಡೆ ಮತ್ತು ಊರಿನ ಪಾರಿವಾಳಗಳಲ್ಲೆಲ್ಲ ಮಹಾ ಸೋಮಾರಿಯಾದ ಒಂದು ಪಾರಿವಾಳ. ಆದರೂ ತಾಯಿ ಮಗಳಿಬ್ಬರೂ ಕಣ್ಣು ಮಿಟುಕಿಸಿದಷ್ಟೇ ಸಲೀಸಾಗಿ, ಮಾಡುತ್ತಿದ್ದೇವೆಂದು ತಿಳಿಯದೆಯೇ, ಅದನ್ನು ಮಾಡುತ್ತಿದ್ದರು.

ರಬ್ಬರಮ್ಮನ ಕೈ ಸೋತುಹೋದ ಮೇಲೆ ಕೊನೆಯ ದೃಶ್ಯವೊಂದನ್ನು ಬರೆಯಲು ಬಿಸ್ಕತ್ತಿನವರು ಎಂಬ ಹಿರಿಯರೊಬ್ಬರು ಬಂದಿದ್ದರು. ಇದೇ ಊರಲ್ಲಿ ಹುಟ್ಟಿ ಬೆಳೆದವರು. ಮೂವತ್ತು ವರ್ಷ ಜಾಹೀರಾತಿನಲ್ಲಿ ಬಿಸ್ಕತ್ತುಗಳನ್ನು ಕುಣಿಸಿ ನಿವೃತ್ತರಾದವರು. ಅವರು ಬರೆದ ಬಿಸ್ಕತ್ತಿನ ನಗು ಕಂಡು ಹಲ್ಲಿಲ್ಲದ ಮುದುಕರೂ ಪೊಟ್ಟಣ ಒಡೆದಿದ್ದರಂತೆ. ರಬ್ಬರಮ್ಮ ಅವರಿಗೆ ದೃಶ್ಯವನ್ನೆಲ್ಲ ವಿವರಿಸಿದ್ದಳು: ಸಂಜೆ, ತಲೆಮರೆಸಿಕೊಂಡು ತಿರುಗುತ್ತಿದ್ದ ಅಪ್ಪ ಕದ್ದು ಮನೆಗೆ ಬಂದಿದ್ದಾನೆ, ಒಳಗೆ ಊಟ ಮಾಡುತ್ತಿದ್ದಾನೆ, ಏಳು ವರ್ಷದ ಮಗಳು ಮುಂದಿನ ಕೋಣೆಯಲ್ಲಿ ದೀಪ ಹಚ್ಚುತ್ತಾಳೆ. ಲೋಟದ ಸೀಳು, ಚಾಪೆಯ ಅಂಚು, ಅಪ್ಪನ ಬೂಟಿನ ಕೆಸರು, ಎಲ್ಲ ಹೇಳಿದ್ದಳು. ಪರದೆಯ ವಿಷಯ ಹೇಳಿರಲಿಲ್ಲ. ಮನುಷ್ಯನ ಮೂಗು ಮುಖದ ಮೇಲಿರುತ್ತದೆ ಎಂದು ಯಾರೂ ಹೇಳಿಕೊಡುವುದಿಲ್ಲವಲ್ಲ.

ಭಾನುವಾರ ಮಧ್ಯಾಹ್ನ ಎಲ್ಲರೂ ಸೇರಿದರು. ಗೋಡೆಗೆ ಬಿಳಿ ಹಾಸು ಕಟ್ಟಿತ್ತು, ಅಮ್ಮನೇ ಇಸ್ತ್ರಿ ಮಾಡಿದ್ದು. ಮಾವ ಮೈಕಿನ ಮುಂದೆ ಕುರ್ಚಿ ಎಳೆದುಕೊಂಡು "ನಡೀರಿ" ಎಂದು ನಾನಾ ಬಗೆಯಲ್ಲಿ ಹೇಳಿದ. ಕೊನೆಯ ಸಲ ಗೋಡೆಯ ಸುಣ್ಣ ಉದುರಿತು.

"ಸಾಕು ಮಾವ. ಲಿಫ್ಟಿನಲ್ಲೂ ಹೀಗೇ ಕೂಗ್ತೀಯಾ?"

"ಅಲ್ಲಿ ಕೂಗೋದೇನು, ನೋಡಿದ್ರೆ ಸಾಕು, ಮೇಲೆ ಹೋಗುತ್ತೆ."

ಬಿಸ್ಕತ್ತಿನವರು ಪ್ರೊಜೆಕ್ಟರ್ ಹಚ್ಚಿ ತಮ್ಮ ದೃಶ್ಯ ತೋರಿಸಿದರು. ಅಮ್ಮನನ್ನು ಯಾರೂ ಕರೆದಿರಲಿಲ್ಲ. ಒಣಗಿದ ಬಟ್ಟೆಯ ಮೂಟೆ ಹೊತ್ತು ಬಂದವಳು ಹೊತ್ತ ಹಾಗೆಯೇ ಬಾಗಿಲ ಬಳಿ ನಿಂತಳು.

ಹಾಸಿನ ಮೇಲೆ ಸಂಜೆಯಾಯಿತು. ಪುಟ್ಟ ಹುಡುಗಿ ಕಾಲಿನ ತುದಿಯಲ್ಲಿ ನಿಂತು ದೀಪ ಹಚ್ಚಿದಳು. ಬಿಸ್ಕತ್ತಿನವರು ತಮ್ಮ ಜೀವಮಾನದ ವಿದ್ಯೆಯನ್ನೆಲ್ಲ ಆ ದೀಪಕ್ಕೆ ಸುರಿದಿದ್ದರು. ಬೆಳಕು ಜೇನಿನ ಹಾಗೆ ಕೋಣೆ ತುಂಬಿ, ಹಾರುಹೊಡೆದ ಕಿಟಕಿಯಿಂದ ಹೊರಕ್ಕೆ ಹರಿದು, ಬೀದಿಯನ್ನೇ ಬೆಳಗಿತು. ಒಳಬಾಗಿಲಿನಲ್ಲಿ ಉಣ್ಣುತ್ತಿದ್ದವನ ನೆರಳು ಗೋಡೆಯುದ್ದ ಬಿತ್ತು.

ಮೂಟೆ ಕೆಳಗೆ ಬಿತ್ತು. ಅಮ್ಮ ಮೂರೇ ಹೆಜ್ಜೆಗೆ ಕೋಣೆ ದಾಟಿದಳು. ಮೊಣಕಾಲು ನೋವೆಂದು ಮೆಟ್ಟಿಲಿಗೊಂದು ಶಾಪ ಹಾಕುತ್ತಿದ್ದ ಅಮ್ಮ. ಕಿಟಕಿಯ ಚಿತ್ರಕ್ಕೆ ಎರಡೂ ಕೈ ಹಾಕಿ ಎಳೆದಳು. ಹಾಸು ಸುಕ್ಕಾಗಿ ಒಂದು ಮೂಲೆ ಕಿತ್ತು ಬಂತು, ಬೀದಿ ಮಡಚಿಕೊಂಡಿತು, ದೀಪ ಅವಳ ಬೆನ್ನ ಮೇಲೆ ಉರಿಯತೊಡಗಿತು.

"ಎಷ್ಟು ಸಲ ಹೇಳ್ಬೇಕೇ ನಿಂಗೆ," ಎಂದಳು ಹಲ್ಲಿನ ಸಂದಿನಿಂದ, ಪಿಸುದನಿಯಲ್ಲಿ. "ಪರದೆ ಮೊದಲು, ದೀಪ ಆಮೇಲೆ. ಅಪ್ಪ ಒಳಗೆ ಉಣ್ತಿದ್ದಾರೆ."

ನಲವತ್ತು ದಾಟಿದ ರಬ್ಬರಮ್ಮ ಕುರ್ಚಿಯಿಂದ ಎದ್ದು ನಿಂತಿದ್ದಳು, ಅರ್ಧ ಕೈ ಚಾಚಿ, ಬೈಸಿಕೊಂಡ ಮುಖ ಹೊತ್ತು. ಮಾವ ಕುರ್ಚಿ ಸಮೇತ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಆ ದೇಶದಲ್ಲಿ, ಅವಳ ಏಳನೇ ವರ್ಷದ ಆ ಸಂಜೆ, ಉಂಡು ಹಿತ್ತಲಿನಿಂದ ಹೋದ ಅಪ್ಪ ಮತ್ತೆ ಬಂದಿರಲಿಲ್ಲ. ಹೇಗೆ ಸಿಕ್ಕಿಬಿದ್ದ, ಯಾರು ಕಂಡರು ಎಂಬುದು ಕೊನೆಗೂ ಗೊತ್ತಾಗಿರಲಿಲ್ಲ.

"ಅಕ್ಕಾ," ಎಂದ ಮಾವ ಕೊನೆಗೆ. "ಇದು ಸಿನಿಮಾ."

ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ನೋಡಿಕೊಂಡಳು. ಅದನ್ನು ಮಂಡಿಯ ಮೇಲೆ ಹರವಿ ಸವರಿದಳು. "ಇಸ್ತ್ರಿ ಹಾಳಾಯ್ತು," ಎಂದಳು.

ಬಿಸ್ಕತ್ತಿನವರು ಮೈಕಿನ ಕಡೆ ಬೆರಳು ತೋರಿಸಿದರು. ಮಾವನ ಗರ್ಜನೆಗೆಂದು ಹಚ್ಚಿದ್ದ ರೆಕಾರ್ಡರ್ ಇನ್ನೂ ಓಡುತ್ತಿತ್ತು. ಆರು ವರ್ಷ ಬೇಡಿದ್ದು ಅದರೊಳಗೆ ಬಂದು ಕೂತಿತ್ತು. ಅಮ್ಮನಿಗೆ ಹೇಳದೆ ಬಾಯಿ ಮುಚ್ಚಿಕೊಂಡಿದ್ದರೆ ಸಿನಿಮಾ ಆಗಲೇ ಮುಗಿಯುತ್ತಿತ್ತು, ರಬ್ಬರಮ್ಮ ಒಂದು ವರ್ಷ ಮಲಗಬಹುದಿತ್ತು.

"ಅಮ್ಮ, ನೀನಂದಿದ್ದು ಇದರಲ್ಲಿ ಹಿಡಿದಿದೆ," ಎಂದಳು. "ಬೇಡ ಅಂದ್ರೆ ಅಳಿಸ್ತೀನಿ."

ಅಮ್ಮನ ಕೈ ಪಕ್ಕದಲ್ಲಿ ಏನನ್ನೋ ತಡಕಿತು. ಹಬೆ ಜೋರು ಮಾಡಲು ಅಲ್ಲಿ ಇಸ್ತ್ರಿಪೆಟ್ಟಿಗೆ ಇರಲಿಲ್ಲ. "ಕೇಳ್ಸು," ಎಂದಳು.

ಕೇಳಿಸಿದರು. ಅಮ್ಮ ಕಿವಿಯನ್ನು ಸ್ಪೀಕರಿಗೆ ಹತ್ತಿಸಿ ಕೇಳಿದಳು, ಇನ್ನೊಮ್ಮೆ ಹಾಕಿಸಿ ಕೇಳಿದಳು.

"ಮೆಲ್ಲಗೇ ಅಂದಿದ್ದೀನಿ, ಅಲ್ವಾ?"

"ಮೆಲ್ಲಗೇ ಅಂದಿದ್ದೀಯಮ್ಮ."

"ಆವತ್ತೂ ಹೀಗೇ ಅಂದಿದ್ದು. ಗಟ್ಟಿಯಾಗಿ ಬೈದುಬಿಟ್ನೇನೋ, ಬೀದಿಗೆ ಕೇಳ್ತೇನೋ ಅಂತ..." ಅವಳು ಮಾತು ನಿಲ್ಲಿಸಿದಳು. "ಇದು ಬೀದಿಗೆ ಕೇಳ್ಸಲ್ಲ, ಅಲ್ವೇನೇ?"

ಇಷ್ಟು ವರ್ಷದ ಹಬೆಯೆಲ್ಲ ಈ ಒಂದು ಪ್ರಶ್ನೆಯನ್ನು ಮುಚ್ಚಿಡಲಿಕ್ಕಾಗಿತ್ತು. "ಪಕ್ಕದಲ್ಲಿದ್ದ ನಂಗೇ ಸರಿಯಾಗಿ ಕೇಳ್ಸಲಿಲ್ಲ," ಎಂದಳು ರಬ್ಬರಮ್ಮ.

"ನಾನಂತೂ ಇಷ್ಟು ಹತ್ರ ಕೂತಿದ್ದೆ," ಎಂದ ಮಾವ. "ಒಂದಕ್ಷರ ಕೇಳ್ಸಿದ್ರೆ ಕೇಳು." ಅವನ ಬದುಕಿನ ಅತಿ ದೊಡ್ಡ ಸುಳ್ಳು ಅದೇ. ಅದಕ್ಕಾಗಿ ಅವನು ಎಲ್ಲಿಯೂ ಜಂಬ ಕೊಚ್ಚಿಕೊಳ್ಳಲಿಲ್ಲ.

"ಹಾಗಾದ್ರೆ ಇಟ್ಕೋ," ಎಂದಳು ಅಮ್ಮ. "ಆದ್ರೆ ಆ ಕಿಟಕಿ ಹಾಗೆ ಬಿಡ್ಬೇಡ. ಅಮ್ಮ ಬಂದು ಮುಚ್ಲಿ."

ಬಿಸ್ಕತ್ತಿನವರು ಕ್ಷಮೆ ಕೇಳಲು ಬಾಯಿ ತೆರೆದರು. ರಬ್ಬರಮ್ಮ ತಲೆಯಲ್ಲಾಡಿಸಿದಳು. ಅವಳ ಮನಸ್ಸು ಆಗಲೇ ಎಣಿಸುತ್ತಿತ್ತು: ಅಮ್ಮ ಓಡಿ ಬರಬೇಕು, ಕೈ ಎತ್ತಬೇಕು, ಬೆಳಕು ಸಣ್ಣಗಾಗುತ್ತ ಆರಬೇಕು. ಮತ್ತೊಂದು ಗುಡ್ಡ ಕಾಗದ. ಹಣ ಹಾಕಿದವರ ಕೂಗು ಏಳು ಬೀದಿಗೆ ಕೇಳಲಿತ್ತು. ಬೆರಳುಗಳು ನೆನೆಸಿಕೊಂಡೇ ನೋಯತೊಡಗಿದವು. ಅವಳು ಪೆನ್ಸಿಲ್ ಕೆತ್ತಿದಳು.

ಅಷ್ಟರಲ್ಲಿ ಹೊರಗೆ ನಿಜವಾದ ಸಂಜೆಯಾಗಿತ್ತು. ಅಮ್ಮ ತಾನಾಗಿಯೇ ಕಿಟಕಿಯ ಬಳಿ ಹೋಗಿ ನಿಂತಳು.

"ಎರಡೂ ಕೈಯಲ್ಲಿ ಎಳೀಬೇಕು. ಉಂಗುರಾನೂ ಸೇರಿಸಿ ಹಿಡ್ಕೋಬೇಕು, ಇಲ್ಲಾಂದ್ರೆ ಸದ್ದಾಗುತ್ತೆ. ನೋಡ್ಕೋ."

ಎಳೆದಳು. ಕೋಣೆ ಕತ್ತಲಾಯಿತು.

"ಇನ್ನೊಂದ್ಸಲ ಮಾಡಮ್ಮ. ಕೈ ಕಾಣ್ಲಿಲ್ಲ."

"ಕಾಣಬಾರ್ದು ಅಂತಲೇ ಅಲ್ವೇನೇ ಎಳೆಯೋದು," ಎಂದಳು ಅಮ್ಮ. ಆದರೂ ಪರದೆ ಮತ್ತೆ ತೆರೆದಳು, ಮತ್ತೆ ನಿಧಾನವಾಗಿ ಎಳೆದಳು, ಮಗಳು ಬರೆದು ಮುಗಿಸುವ ತನಕ.

"ಈಗ ದೀಪ ಹಾಕ್ಲಾ?" ಎಂದು ಕತ್ತಲಲ್ಲಿ ಮಾವ ಕೇಳಿದ, ಮೆಲ್ಲಗೆ.