ಊದಲ್ಲ ಎಂದ ಮೇಷ್ಟ್ರು

ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದ ಮೇಷ್ಟ್ರ ಕಾರಿಗೆ ಆ ಬೆಳಗ್ಗೆ ಎಂಟೂವರೆಗೆ ಸೇತುವೆಯ ತಿರುವಿನಲ್ಲಿ ಪೊಲೀಸಿನವನು ಕೈ ಅಡ್ಡ ಹಾಕಿದ.

“ಎಲ್ಲರದ್ದೂ ನೋಡ್ತಾ ಇದೀವಿ ಸಾರ್. ಒಂದ್ಸಲ ಇದರಲ್ಲಿ ಊದಿ.”

ಮೇಷ್ಟ್ರು ಅವನ ಕೈಯ ಯಂತ್ರದ ಕೊಳವೆಯನ್ನೇ ನೋಡಿದರು. ಹಿಂದಿನ ಸಂಜೆ ಗೆಳೆಯನ ಮನೆಯಲ್ಲಿ ಒಂದೇ ಗ್ಲಾಸು ಎಂದು ಶುರುವಾದದ್ದು ನಾಲ್ಕಕ್ಕೆ ನಿಂತಿತ್ತು. ಅದು ಇಳಿದಿದೆಯೋ ಇಲ್ಲವೋ ಯಾರು ಬಲ್ಲರು? ಕುಡಿತ ಬಿಟ್ಟೆನೆಂದು ಹೆಂಡತಿಗೆ ಮಾತು ಕೊಟ್ಟು ಮೂರು ವರ್ಷವಾಗಿತ್ತು.

“ನಾನು ಊದಲ್ಲ.”

“ಊದಲ್ಲ ಅನ್ನೋದೇ ಒಂದು ಕೇಸಾಗುತ್ತೆ ಸಾರ್. ಕುಡಿದಿದ್ರೋ ಇಲ್ವೋ ಅನ್ನೋದು ಬೇರೆ ಮಾತು. ಇನ್ನೊಂದ್ಸಲ ಯೋಚನೆ ಮಾಡಿ.”

ಇದೇ ಮಾತನ್ನು ಮೇಷ್ಟ್ರು ಪ್ರತಿ ಮಂಗಳವಾರ ನಿಯಮಗಳ ತರಗತಿಯಲ್ಲಿ ಹೇಳುತ್ತಿದ್ದರು. ಆದರೂ ತಲೆ ಅಡ್ಡಡ್ಡ ಆಡಿತು. ಪೊಲೀಸಿನವನು ಲೈಸೆನ್ಸು ತೆಗೆದುಕೊಂಡು, ಚೀಟಿ ಬರೆದುಕೊಟ್ಟ.

ಮನೆಯಲ್ಲಿ ಹೆಂಡತಿ ಕೆಂಡವಾದಳು, ಗಂಡನ ಮೇಲಲ್ಲ, ಪೊಲೀಸಿನವನ ಮೇಲೆ. “ಕುಡಿಯದವರ ಬಾಯಿಗೆ ಕೊಳವೆ ಹಿಡೀತಾನಾ? ಊದದೆ ಇದ್ದದ್ದೇ ಸರಿ!”

ಅವಳ ತಮ್ಮ ವಕೀಲ. ಕಾಗದ ಓದಿ ಹಣೆ ಉಜ್ಜಿಕೊಂಡ. “ಊದಿದ್ರೆ ಸೊನ್ನೆ ಬರ್ತಿತ್ತೋ ಏನೋ ಭಾವ, ಈಗ ಆ ದಾರೀನೂ ಮುಚ್ಕೊಂಡ್ರಿ. ಉಬ್ಬಸ ಗಿಬ್ಬಸ ಏನಾದ್ರೂ ಇತ್ತಾ? ತಕ್ಕ ಕಾರಣ ಇಲ್ಲದಿದ್ರೆ ಲೈಸೆನ್ಸು ಒಂದು ವರ್ಷ ಹೋಗುತ್ತೆ.”

“ಏನೂ ಇರ್ಲಿಲ್ಲ,” ಎಂದರು ಮೇಷ್ಟ್ರು.

ಅಂದಿನಿಂದ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುವರು. ಊಟಕ್ಕೆ ಕೂತರೆ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಹೆಂಡತಿ ಮಾತ್ರ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಅವರ ಹಳೆಯ ವಿದ್ಯಾರ್ಥಿಗಳ ಮನೆ ಮನೆ ಹತ್ತಿಳಿದಳು. ‘ನಮ್ಮ ಮೇಷ್ಟ್ರು ಕುಡಿಯುವವರಲ್ಲ, ಪೊಲೀಸ್ ಬೇಕೆಂದೇ ಕಿರುಕುಳ ಕೊಟ್ಟಿದ್ದಾರೆ’ ಎಂಬ ಅರ್ಜಿಗೆ ಅರವತ್ತೊಂದು ಸಹಿ ಬಿದ್ದವು. ಅವಳು ಒಂದೊಂದು ಹೆಸರು ಓದಿದಾಗಲೂ ಮೇಷ್ಟ್ರಿಗೆ ಮುಳ್ಳಿನ ಮೇಲೆ ಕೂತಂತಾಗುತ್ತಿತ್ತು.

ವಿಚಾರಣೆಯ ದಿನ ನ್ಯಾಯಾಲಯದ ಮೊಗಸಾಲೆಯಲ್ಲಿ ಆ ಪೊಲೀಸಿನವನೂ ಬೆಂಚಿನ ತುದಿಯಲ್ಲಿ ಕೂತಿದ್ದ. ಹೆಂಡತಿ ಅರ್ಜಿಯನ್ನು ತಮ್ಮನ ಕೈಗಿಡುತ್ತಾ, “ಇವನ ಕೆಲಸ ಹೋಗ್ಲಿ, ಆಗ ಗೊತ್ತಾಗುತ್ತೆ,” ಎಂದಳು.

ಮೇಷ್ಟ್ರು ಥಟ್ಟನೆ ಅವಳ ಕೈ ಹಿಡಿದರು. “ಬೇಡ ಕಣೇ. ಹಿಂದಿನ ಸಾಯಂಕಾಲ ಕುಡಿದಿದ್ದೆ. ಆ ಮನುಷ್ಯ ಮರ್ಯಾದೆಯಿಂದಾನೇ ಕೇಳಿದ. ಎರಡು ಸಲ ಕೇಳಿದ.”

ಅವಳು ಕೈ ಬಿಡಿಸಿಕೊಂಡಳು. “ಮೂರು ವರ್ಷದಲ್ಲಿ ಎಷ್ಟು ಸಲ?”

“ಲೆಕ್ಕ ಇಟ್ಟಿಲ್ಲ.”

ಒಳಗೆ ಮೇಷ್ಟ್ರು ತಪ್ಪೊಪ್ಪಿಕೊಂಡರು. ಯಾಕೆ ಊದಲಿಲ್ಲವೆಂದು ನ್ಯಾಯಾಧೀಶೆ ಕೇಳಿದಾಗ, “ಏನು ಬರುತ್ತೋ ಅಂತ ಹೆದರಿದೆ,” ಎಂದರು. ಲೈಸೆನ್ಸು ಒಂದು ವರ್ಷ ರದ್ದಾಯಿತು. ಡ್ರೈವಿಂಗ್ ಸ್ಕೂಲಿನ ಯಜಮಾನ ಕೆಲಸದಿಂದ ತೆಗೆಯಲಿಲ್ಲ, ಆದರೆ ಕಾರಿನ ಬೀಗದಕೈ ಇಸಿದುಕೊಂಡು ಕರಿಹಲಗೆಯ ಮುಂದೆ ನಿಲ್ಲಿಸಿದ.

ವಿಚಾರಣೆಯಾದ ಎಂಟನೆಯ ದಿನ ಹೆಂಡತಿ ಅರ್ಜಿಯನ್ನು ಗಂಡನ ಮುಂದೆ ಹಾಕಿ, “ನಿಮ್ಮ ಪರವಾಗಿ ಇಷ್ಟು ಜನರ ಮುಂದೆ ಸುಳ್ಳಾಡಿ ಬಂದಿದೀನಿ. ಹೋಗಿ ನಿಜ ಹೇಳಿ ಬನ್ನಿ. ಆಮೇಲೆ ನೋಡೋಣ,” ಎಂದಳು.

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ನಡೆದೇ ಹೊರಟರು. ಮೊದಲ ಮನೆಯಾಕೆ ಕಿಸಕ್ಕೆಂದು ನಕ್ಕಳು, ಎರಡನೆಯವನು ಬಾಗಿಲು ಹಾಕಿಕೊಂಡ. ಮೇಷ್ಟ್ರು ಮೂರನೆಯ ಮನೆಯ ಗಂಟೆ ಒತ್ತಿದರು. ಒಳಗಿನಿಂದ ಯಾರೋ, “ಬಂದೇ, ಬಂದೇ,” ಎನ್ನುತ್ತಿದ್ದರು.