ಕನ್ನಡಿ ಮುಂದಿನ ಕುರ್ಚಿ

ನಮ್ಮೆಜಮಾನರು ಈಗ ನನ್ನನ್ನು "ಅಮ್ಮಾವ್ರೇ" ಅಂತಾರೆ. ಬಹುವಚನ ಬೇರೆ! ಮದುವೆಯಾದಾಗಿಂದ "ಲೇ ಇವಳೇ" ಅಂತ ಬೀದಿ ತುದಿಗೆ ಕೇಳೋ ಹಾಗೆ ಕೂಗ್ತಿದ್ದ ಮನುಷ್ಯ, ಇವತ್ತು ಟೀ ಕೊಟ್ಟರೆ "ನಿಮಗ್ಯಾಕೆ ತೊಂದರೆ" ಅಂತಾರೆ. ಮೈಯೆಲ್ಲ ಉರಿಯುತ್ತೆ. ಮರೆವಿನ ಕಾಯಿಲೆ, ಅವರ ತಪ್ಪಲ್ಲ ಅಂತ ಡಾಕ್ಟರು ಹೇಳಿದ್ದಾರೆ, ಸರಿ. ಆದರೂ ಒಂದೇ ಒಂದು ಸಲ ಆ "ಲೇ ಇವಳೇ" ಕಿವಿಗೆ ಬೀಳಲಿ ಅಂತ ಜೀವ ಹಂಬಲಿಸುತ್ತೆ.

ಅದಕ್ಕೇ ಚಿತ್ರದ ತರಗತಿಗೆ ಸೇರಿಸಿದ್ದು. ಮರೆವಿನವರಿಗೆಂದೇ ವಾರಕ್ಕೊಮ್ಮೆ ನಡೆಯುತ್ತೆ. ಮನೆಯವರೂ ಜೊತೆಗೆ ಕೂತು ಬಣ್ಣ ಬಳಿಯಬೇಕು. "ಚಿತ್ರ ಚೆನ್ನಾಗಿ ಬರಬೇಕಂತಿಲ್ಲ ಆಂಟಿ, ಮನಸ್ಸು ಹಗುರಾದ್ರೆ ಸಾಕು" ಅಂತಾಳೆ ಟೀಚರ್. ನಿಜ ಹೇಳಬೇಕಂದ್ರೆ ಇವರು ಅಲ್ಲಿ ಹಗುರಾಗೇ ಇರ್ತಾರೆ. ಮನೇಲಿ ಮೂಲೆ ಹಿಡಿದು ಕೂರೋರು, ಅಲ್ಲಿ ನೀಲಿ ಬಣ್ಣ ಸಿಕ್ಕರೆ ಸೀಟಿ ಹೊಡೀತಾರೆ! ಆ ನೀಲಿ ಬಣ್ಣದ ಮೇಲೆ ನನಗೆ ಹೊಟ್ಟೆಕಿಚ್ಚು.

ಮೊನ್ನೆ ಟೀಚರ್ ಜೋಡಿ ಜೋಡಿಯಾಗಿ ಎದುರುಬದುರು ಕೂರಿಸಿ, ಎದುರಿಗಿದ್ದವರ ಮುಖ ಬರೆಯಿರಿ ಅಂದಳು. ಇಷ್ಟು ಹತ್ತಿರದಿಂದ ನೋಡಿದರೆ ಗುರುತು ಹತ್ತದೇ ಇರುತ್ತಾ? ಇವರು ನನ್ನನ್ನು ನೋಡಿದರು, ಕಾಗದ ನೋಡಿದರು, ಒಂದು ಮೊಟ್ಟೆ ಬರೆದರು. ಕಣ್ಣಿಲ್ಲ, ಮೂಗಿಲ್ಲ.

"ಇದೇನ್ರೀ, ನಾನು ಬೋಳುಗುಂಡಾ?" ಅಂತ ರೇಗಿದೆ.

ಹಲಗೆ, ಕುಂಚ ಹಿಡಿದುಕೊಂಡೇ ಎದ್ದು ನನ್ನ ಬೆನ್ನ ಹಿಂದೆ ಹೋಗಿ ನಿಂತರು. ಟೀಚರ್ ಕರೆತಂದು ಕೂರಿಸಿದಳು. ಮತ್ತೆ ಎದ್ದು ಹೋದರು. ತಿರುಗಿ ನೋಡ್ತೀನಿ, ಇವರ ಕಣ್ಣು ನನ್ನ ಮೇಲಿಲ್ಲ, ಎದುರು ಗೋಡೆಯ ಪರದೆ ಮೇಲಿದೆ. ಆಗ ಹೊಳೀತು ನನ್ನ ಮರಮಂಡೆಗೆ. ಇವರು ಕ್ಷೌರದ ಅಂಗಡಿ ಇಟ್ಟಿದ್ದವರು. ಜನರ ಬೆನ್ನ ಹಿಂದೆ ನಿಂತು, ಮುಖವನ್ನು ಕನ್ನಡಿಯಲ್ಲೇ ನೋಡಿ ನೋಡಿ ವಯಸ್ಸಾದವರು. ಆ ಪರದೆ ಹಿಂದೆ ಇರೋದೂ ಕನ್ನಡಿಯೇ. ಮೊದಲು ಅದು ಡಾನ್ಸ್ ಕಲಿಸೋ ಕೋಣೆ. ತಮ್ಮ ಮುಖ ತಾವೇ ನೋಡಿ ಕೆಲವರು ಹೆದರ್ತಾರೆ ಅಂತ ಮುಚ್ಚಿದ್ದರು.

"ಈ ಮೂಲೇಲಿ ಪರದೆ ಒಂಚೂರು ಸರಿಸಮ್ಮ, ನಿನ್ನ ದಮ್ಮಯ್ಯ" ಅಂದೆ ಟೀಚರ್‌ಗೆ. ಅವಳು ಸುತ್ತ ನೋಡಿ, ಮೆಲ್ಲಗೆ ಸರಿಸಿದಳು.

ಕನ್ನಡಿಯಲ್ಲಿ ನಾನು ಕಂಡೆ, ಹಿಂದೆ ಇವರು ಕಂಡರು. ಇವರ ಬೆನ್ನು ನೆಟ್ಟಗಾಯಿತು.

"ತಲೆ ಅಲ್ಲಾಡಿಸಬೇಡಿ. ಹಿಂದೆ ಯಾರೋ ಮುದುಕರು ನಿಂತಿದಾರೆ, ಕೂತ್ಕೊಳ್ಳೋಕೆ ಹೇಳಿ. ನಿಮ್ಮದಾದ ಮೇಲೆ ಅವರದು."

ನಗು ಬಂತು, ಅಳುವೂ ಬಂತು. ಅಲ್ಲಾಡದೆ ಕೂತೆ. ಮೊದಲು ಕೂದಲು ಬರೆದರು, ಆಮೇಲೆ ಕಿವಿ, ಕೊನೆಗೆ ಕಣ್ಣು. ಗಿರಾಕಿಗಳ ಜೊತೆ ಮಾತಾಡೋ ಹಾಗೆ ಮಾತಾಡ್ತಾನೇ ಇದ್ದರು.

"ಸುರುಳಿ ಕೂದಲು ನಿಮ್ಮದು. ನಮ್ಮನೆಯವಳದೂ ಹೀಗೇ. ಅವಳದು ಕಪ್ಪು."

ಈಗ ಗುರುತು ಹಿಡೀತಾರೆ, ಈಗ ಕೂಗ್ತಾರೆ ಅಂತ ಕಾದೆ. ಎಲ್ಲಿ! ಕುಂಚ ಅದ್ದಿ, ಅದ್ದಿ, ಬರೀತಾನೇ ಇದ್ದಾರೆ.

ಕೊನೆಗೆ ನಾನೇ ಕೇಳಿದೆ. "ಹೇಗೆ ನಿಮ್ಮನೆಯವಳು?"

"ಅಯ್ಯೋ, ಬಾಯಿ ಜೋರು. ಮೂಗಿನ ತುದೀಲೇ ಸಿಟ್ಟು." ನಕ್ಕರು. "ಆದರೆ ನಾನು ಹೋಗೋವರೆಗೂ ಒಂದು ತುತ್ತು ಮುಟ್ಟಲ್ಲ ನೋಡಿ. ಎಷ್ಟು ದಿನ ಆಯ್ತೋ ಅವಳನ್ನ ನೋಡಿ. ಇಲ್ಲಿ ಕೆಲಸಾನೇ ಮುಗೀತಿಲ್ಲ."

ಕನ್ನಡಿ ಮಂಜಾಯಿತು. ಕನ್ನಡಿಯಲ್ಲ, ನನ್ನ ಕಣ್ಣು. ಇಷ್ಟು ದಿನ ನಾನೊಬ್ಬಳೇ ಕಾಯ್ತಿದೀನಿ ಅಂದುಕೊಂಡಿದ್ದೆ.

"ಮುಗೀತಲ್ಲ, ಹೋಗಿ. ಕಾಯ್ತಿರ್ತಾಳೆ" ಅಂದೆ.

ಚಿತ್ರವನ್ನು ನನ್ನ ಮಡಿಲಲ್ಲಿಟ್ಟರು. ನರೆಗೂದಲ ಹೆಂಗಸು, ಗಂಟಿಕ್ಕಿದ ಹುಬ್ಬು, ಥೇಟ್ ನಾನೇ. ನನ್ನ ಹೆಗಲ ಮೇಲೆ ಇಲ್ಲದ ಕೂದಲನ್ನು ಕೊಡವಿ, ಬಣ್ಣ ತಾಗದಿರಲಿ ಅಂತ ಕಟ್ಟಿಕೊಂಡಿದ್ದ ತಮ್ಮ ಏಪ್ರನ್ ಬಿಚ್ಚಿ, ದುಡುದುಡು ಬಾಗಿಲಿಗೆ ನಡೆದರು. ಚಿತ್ರ ಎತ್ತಿಕೊಂಡು ಹಿಂದೆ ಓಡಿದೆ.

"ತಡೀರಿ, ನಾನೂ ಆ ಕಡೇನೇ."

ನಿಂತು ನನಗಾಗಿ ಬಾಗಿಲು ಹಿಡಿದರು. "ಬನ್ನಿ ಅಮ್ಮಾವ್ರೇ" ಅಂದರು. "ಮನೆ ಹತ್ತಿರಾನೇ. ಅವಳನ್ನ ಪರಿಚಯ ಮಾಡಿಸ್ತೀನಿ."