ವಾರಿಜಕ್ಕನ ಹಪ್ಪಳದ ಕಟ್ಟು

ಪರದೆಯ ಮೇಲೆ ಔಷಧಗಳ ಹೆಸರುಗಳು ಒಂದರ ಕೆಳಗೊಂದು ಬರುತ್ತಿದ್ದವು. ಪಾಠ ಮಾಡುತ್ತಿದ್ದ ಸುಡಾನಿನ ಮೇಡಂ ಒಂದೊಂದನ್ನೂ ನಿಧಾನವಾಗಿ ಓದಿದರು. ಇವನ್ನೆಲ್ಲ ಈ ದೇಶದಲ್ಲಿ ಅನುಮತಿ ಇಲ್ಲದೆ ಯಾರೂ ಇಟ್ಟುಕೊಳ್ಳುವಂತಿಲ್ಲ, ಸಿಕ್ಕಿಬಿದ್ದರೆ ಜೈಲು, ಆಮೇಲೆ ಗಡೀಪಾರು ಎಂದರು. ‘ನನಗೆ ಗೊತ್ತಿರಲಿಲ್ಲ’ ಎಂದರೆ ಯಾರೂ ಕೇಳುವುದಿಲ್ಲ ಎಂದೂ ಸೇರಿಸಿದರು. ಅಷ್ಟರಲ್ಲಿ ಮುಂದಿನ ಹೆಸರು ಬಂತು. ಆ ಮಾತ್ರೆ ನನ್ನ ಹಾಸ್ಟೆಲ್ ರೂಮಿನ ಕಪಾಟಿನಲ್ಲಿತ್ತು.

ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ನನಗೆ ಈಗಲೂ ಹೆದರಿಕೆ. ನಗುವವರು ನಗಲಿ.

ನಾನು ಯಶ್ಮಿತಾ, ಪಡುಬಿದ್ರಿಯವಳು. ದುಬೈಯಿಂದ ಬಸ್ಸಿನಲ್ಲಿ ಎರಡು ತಾಸು ದೂರದ ಅಲ್ ಐನ್‌ಗೆ ಫಾರ್ಮಸಿ ಓದಲು ಬಂದು ಆಗ ಮೂರನೆಯ ವಾರವಷ್ಟೇ. ಫೀಸು ಪೂರ್ತಿ ಮನ್ನಾ ಆಗಿ ಸಿಕ್ಕಿದ ಸೀಟು ಅದು. ಅಂಗನವಾಡಿ ಟೀಚರಾದ ನನ್ನ ಅಮ್ಮ ಸೀಟು ಸಿಕ್ಕಿದ ಸುದ್ದಿಯನ್ನು ಮೀನು ಮಾರುವ ಹೆಂಗಸಿಗೂ ನಿಲ್ಲಿಸಿ ಹೇಳಿದ್ದಳು. ಆ ಸೀಟು, ವೀಸಾ, ಅಮ್ಮನ ಹೆಮ್ಮೆ ಎಲ್ಲವೂ ಈಗ ಕಪಾಟಿನ ಕೆಳಗಿನ ಖಾನೆಯಲ್ಲಿ, ಹಪ್ಪಳದ ಕಟ್ಟಿನೊಳಗೆ ಸಿಕ್ಕಿಕೊಂಡಿದ್ದವು.

ನಮ್ಮೂರಿನಲ್ಲಿ ಯಾರಾದರೂ ಗಲ್ಫಿಗೆ ಹೊರಟರೆ ಅವರ ಪೆಟ್ಟಿಗೆ ಅವರದ್ದಲ್ಲ, ಕೇರಿಯದ್ದು. ಹೊರಡುವ ಮುನ್ನಾದಿನ ಒಬ್ಬೊಬ್ಬರಾಗಿ ಬರುತ್ತಾರೆ. ಗಂಡನಿಗೆ ಉಪ್ಪಿನಕಾಯಿ, ತಮ್ಮನಿಗೆ ಸಾರಿನ ಪುಡಿ, ಮೊಮ್ಮಗುವಿಗೆ ಬಜೆ. ಬೇಡ ಎನ್ನುವ ಹಾಗಿಲ್ಲ. ಎಂದರೆ ‘ದುಬೈ ನೋಡುವ ಮೊದಲೇ ಜಂಬ ಬಂತು’ ಎಂಬ ಮಾತು ಮದುವೆ ಮನೆಗಳಲ್ಲೆಲ್ಲ ಸುತ್ತುತ್ತದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ನಿಜ, ಆದರೆ ಅಮ್ಮನ ಎದುರು ಅದು ಕೆಲಸಕ್ಕೆ ಬರುವುದಿಲ್ಲ. ನನ್ನ ಚೂಡಿದಾರಗಳನ್ನು ತೆಗೆದು ಅಮ್ಮನೇ ಜಾಗ ಮಾಡಿಕೊಟ್ಟಳು.

ಪಕ್ಕದ ಮನೆಯ ವಾರಿಜಾಕ್ಷಿ, ಅಂದರೆ ನಮ್ಮ ವಾರಿಜಕ್ಕ, ಕೊನೆಗೆ ಬಂದಳು. ಅವಳ ಗಂಡ ಪುರಂದರಣ್ಣ ದುಬೈನ ನೈಫ್ ಎಂಬ ಪೇಟೆಯಲ್ಲಿ ಬಟ್ಟೆಯ ಹೋಲ್‌ಸೇಲ್ ಅಂಗಡಿಯಲ್ಲಿದ್ದಾರೆ. ನಾನು ಹುಟ್ಟುವ ಮೊದಲಿನಿಂದಲೂ ಅಲ್ಲೇ.

“ಇದೊಂದು ಸಣ್ಣ ಕಟ್ಟು ಮಗಾ, ನಮ್ಮವರಿಗೆ,” ಎಂದಳು. “ಹಲಸಿನ ಹಪ್ಪಳ, ಸ್ವಲ್ಪ ಸಿಗಡಿ ಚಟ್ನಿ. ಅವರೇ ಬಂದು ತಕೊಂಡು ಹೋಗ್ತಾರೆ. ನಿಂಗೆ ಎಂತ ಉಪದ್ರ ಇಲ್ಲ.”

ಪುರಂದರಣ್ಣ ಬರಲಿಲ್ಲ. ಮೊದಲ ವಾರ ಅಂಗಡಿಯಲ್ಲಿ ಸ್ಟಾಕ್ ಬಂತು ಎಂದರು. ಎರಡನೆಯ ವಾರ ರಜೆ ಇಲ್ಲ ಎಂದರು. ‘ಇಟ್ಟಿರು ಮಗಾ, ಅದು ಹಾಳಾಗುವಂಥದ್ದಲ್ಲ’ ಎಂದು ಪ್ರತಿ ಸಲವೂ ಹೇಳಿದರು. ಅಷ್ಟರಲ್ಲಿ ಸಿಗಡಿ ಚಟ್ನಿಯ ಪೊಟ್ಟಣ ಒಡೆದು ಕಪಾಟೆಲ್ಲ ನಾರತೊಡಗಿತು. ನನ್ನ ರೂಮ್‌ಮೇಟ್ ಖದೀಜ ಮೂಗು ಮುಚ್ಚಿಕೊಂಡಳು. ಅಪ್ಪನನ್ನು ‘ಉಪ್ಪ’ ಎನ್ನುವ ಉಳ್ಳಾಲದ ಬ್ಯಾರಿಗಳ ಮಗಳು, ಆದರೆ ಹುಟ್ಟಿ ಬೆಳೆದದ್ದೆಲ್ಲ ಶಾರ್ಜಾದಲ್ಲಿ. ಅವಳ ಕನ್ನಡದಲ್ಲಿ ಅರ್ಧ ಇಂಗ್ಲಿಷೇ. “ಯಶೂ, ಪ್ಲೀಸ್, ಯಾರೋ ಸತ್ತ ಹಾಗೆ ವಾಸನೆ,” ಎಂದಳು. ಇಬ್ಬರೂ ಕೂತು ಕಟ್ಟು ಬಿಚ್ಚಿದೆವು. ಹಪ್ಪಳಗಳ ನಟ್ಟನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮಾತ್ರೆಯ ಹಾಳೆಗಳಿದ್ದವು. ಪುರಂದರಣ್ಣನಿಗೆ ಬೆನ್ನು ನೋವು ಎಂದು ಊರಿಗೆಲ್ಲ ಗೊತ್ತು. ಅದಕ್ಕೇ ಇರಬೇಕು ಎಂದು ಇದ್ದ ಹಾಗೆಯೇ ಸುತ್ತಿಟ್ಟೆ. ಚಟ್ನಿಯನ್ನು ಮಾತ್ರ ಬಿಸಾಡಿದೆವು. ಬಿಸಾಡಬೇಕಾದ್ದು ಯಾವುದೆಂದು ನನಗೆ ತಿಳಿದದ್ದು ಮರುವಾರದ ಆ ಕ್ಲಾಸಿನಲ್ಲಿ.

ಕ್ಲಾಸು ಮುಗಿದ ಮೇಲೆ ಮೇಡಂನ ಮೇಜಿನ ಹತ್ತಿರ ಹೋಗಿ ನಿಂತೆ. ಅವರು ತಲೆಯೆತ್ತಿ ಏನು ಎಂದು ಕೇಳಿದರು. ಹೇಳಿಬಿಡೋಣ ಎಂದೇ ಹೋಗಿದ್ದೆ. ಆದರೆ ಬಾಯಿಗೆ ಬಂದದ್ದು, ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ ಎಂಬ ಪೆದ್ದು ಪ್ರಶ್ನೆ. ಬರುತ್ತದೆ ಎಂದರು. ನಾನು ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ.

ಹೊರಗಿನಿಂದಲೇ ಪುರಂದರಣ್ಣನಿಗೆ ಫೋನ್ ಮಾಡಿದೆ.

“ಪುರಂದರಣ್ಣ, ಆ ಕಟ್ಟಿನೊಳಗೆ ಮಾತ್ರೆ ಉಂಟು. ಅದು ಇಲ್ಲಿ ಇಟ್ಟುಕೊಳ್ಳಬಾರದ ಮಾತ್ರೆಯಂತೆ.”

ಅವರು ಅಂಗಡಿಯ ಗದ್ದಲದಿಂದ ಹೊರಗೆ ಬಂದು ದನಿ ತಗ್ಗಿಸಿದರು.

“ಯಾರಿಗಾದ್ರೂ ಹೇಳಿದ್ಯಾ?”

“ಇಲ್ಲ. ನೀವು ಯಾವಾಗ ಬರ್ತೀರಿ?”

“ಇದೆಲ್ಲ ಫೋನಲ್ಲಿ ಬೇಡ ಮಗಾ,” ಎಂದು ಇಟ್ಟುಬಿಟ್ಟರು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ನನಗೆ ಉರಿದುಹೋಯಿತು. ಬಿಸಿ ತುಪ್ಪ ನನ್ನ ಬಾಯಲ್ಲಿ, ತಣ್ಣಗೆ ಕೂತವರು ಅವರು.

ಅಮ್ಮನಿಗೆ ಮಾಡಿದೆ. ಅಮ್ಮ ಎಲ್ಲ ಕೇಳಿ, “ಬಿಸಾಡಿದರೆ ವಾರಿಜನಿಗೆ ಎಂತ ಹೇಳುದು ಮಾರಾಯ್ತಿ? ಪಾಪ, ಎಲ್ಲಿಂದಲೋ ತರಿಸಿದ್ದು ಅವಳು. ಪುರಂದರಣ್ಣನ ಹತ್ರ ಒಂದು ಮಾತು ಕೇಳಿ ಮಾಡು,” ಎಂದಳು.

“ಅಮ್ಮಾ, ಜೈಲು ಅಂತ ಹೇಳಿದೆ ನಾನು. ಕೇಳಿಸ್ತಾ?”

“ನಿಂದು ಎಲ್ಲ ಹೆಚ್ಚು. ಎಷ್ಟು ಜನ ತಕೊಂಡು ಹೋಗಿಲ್ಲ? ಯಾರಿಗೆ ಎಂತ ಆಗಿದೆ?”

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿಯೂ ನನ್ನ ಅಮ್ಮನಿಗೆ ಅದು ತಲೆಗೆ ಹೋಗಲಿಲ್ಲ. ಸಿಟ್ಟಿನಲ್ಲಿ ಫೋನ್ ಕಟ್ ಮಾಡಿದೆ. ಮಾಡಿದ ಕೂಡಲೇ ಅಳು ಬಂತು. ಅಷ್ಟು ದೂರದಲ್ಲಿ ನನಗೆ ಬೈಯಲಿಕ್ಕೆ ಇದ್ದವಳೂ ಅವಳೊಬ್ಬಳೇ.

ರೂಮಿಗೆ ಬಂದರೆ ಹಾಸ್ಟೆಲಿನ ಗ್ರೂಪಿನಲ್ಲಿ ಮೆಸೇಜು ಬಂದಿತ್ತು. ನಾಳೆ ಮಧ್ಯಾಹ್ನ ಎಲ್ಲ ರೂಮುಗಳ ತಪಾಸಣೆ. ರೂಮಿನಲ್ಲಿ ಅಡುಗೆ ಮಾಡುವವರು ಹೆಚ್ಚಾಗಿದ್ದಾರೆ, ರೈಸ್ ಕುಕ್ಕರ್, ಒಲೆ ಇದ್ದರೆ ಈಗಲೇ ಒಪ್ಪಿಸಿ, ಕಪಾಟುಗಳನ್ನು ತೆಗೆಸಿ ನೋಡಲಾಗುವುದು ಎಂದಿತ್ತು. ಅದನ್ನು ಹಾಗೆಯೇ ಪುರಂದರಣ್ಣನಿಗೆ ಕಳಿಸಿ, ಇವತ್ತೇ ಬನ್ನಿ ಎಂದು ಬರೆದೆ. ಅವರು ಓದಿದ ಗುರುತು ಬಂತು. ಉತ್ತರ ಬರಲಿಲ್ಲ.

ಖದೀಜನಿಗೆ ಹೇಳದೆ ಬೇರೆ ದಾರಿಯಿರಲಿಲ್ಲ. ಹೇಳಿದೆ. ಅವಳು ಮಂಚದ ಮೇಲೆ ಕೂತೇ ಬಿಟ್ಟಳು.

“ಇದು ನನ್ನ ರೂಮ್ ಕೂಡ, ಯಶೂ,” ಎಂದಳು. ಅವಳ ದನಿ ಏರಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. “ನಿನ್ನನ್ನು ಊರಿಗೆ ಕಳಿಸ್ತಾರೆ. ನನಗೆ ಊರು ಅಂತ ಎಲ್ಲಿದೆ? ಮೈ ಹೋಲ್ ಫ್ಯಾಮಿಲಿ ಇಸ್ ಹಿಯರ್. ಉಪ್ಪನ ಕೆಲಸ, ತಮ್ಮನ ಸ್ಕೂಲ್, ಎಲ್ಲ. ನಾನು ಅದನ್ನು ಮುಟ್ಟಿದ್ದೇನೆ, ಗೊತ್ತಲ್ಲ ನಿಂಗೆ?”

“ಪುರಂದರಣ್ಣನಿಗೆ ಒಂದು ಮಾತು ಹೇಳದೆ ಹೇಗೆ...”

“ಖಲಾಸ್. ಅವರು ಬರುದಿಲ್ಲ. ಬರುವವರು ಆಗಿದ್ರೆ ಬರ್ತಿದ್ರು.”

ಅವಳು ಎದ್ದು ಬಾಗಿಲ ಚಿಲಕ ಹಾಕಿದಳು. ಹಪ್ಪಳದ ಕಟ್ಟನ್ನು ಬಚ್ಚಲಿಗೆ ಒಯ್ದೆವು. ಒಂದೊಂದೇ ಮಾತ್ರೆಯನ್ನು ಹಾಳೆಯಿಂದ ಒತ್ತಿ ಕಮೋಡಿಗೆ ಹಾಕುತ್ತ ಹೋದೆ. ಔಷಧಗಳನ್ನು ನೀರಿಗೆ ಬಿಡಬಾರದೆಂದು ಅದೇ ವಾರ ಬರೆದುಕೊಂಡಿದ್ದೆ. ರೂಮಿನ ಹೊರಗೆ ಯಾರೇ ಹಾದುಹೋದರೂ ಇಬ್ಬರೂ ಕೈ ನಿಲ್ಲಿಸುತ್ತಿದ್ದೆವು. ನೀರು ಬಿಟ್ಟರೆ ಕೆಲವು ತೇಲಿ ಮೇಲೆಯೇ ಬಂದವು. ಖದೀಜ ಬಕೆಟ್ಟಿನಿಂದ ಸುರಿದಳು, ಮತ್ತೆ ಸುರಿದಳು. ಖಾಲಿ ಹಾಳೆಗಳನ್ನು ಕತ್ತರಿಯಿಂದ ಚೂರು ಚೂರು ಮಾಡಿ, ಹಳೆಯ ಶಾಂಪೂ ಬಾಟಲಿಗೆ ತುಂಬಿದಳು. ಅದನ್ನು ಎಲ್ಲಿ ಬಿಸಾಡಿದಳೆಂದು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಹಾಸ್ಟೆಲ್ ನೋಡಿಕೊಳ್ಳುವ ಮಿಸ್, ಇಬ್ಬರು ಹೆಂಗಸರೊಂದಿಗೆ ಬಂದರು. ಖದೀಜನ ಕಪಾಟು ಮೊದಲು ನೋಡಿದರು. ನನ್ನದರ ಕೆಳಗಿನ ಖಾನೆಯಲ್ಲಿ ಕಟ್ಟು ಕಂಡದ್ದೇ ಮಿಸ್ ಬಗ್ಗಿ ಅದನ್ನು ಎತ್ತಿಕೊಂಡರು. ಇದೇನು ಎಂದರು. ತಿನ್ನುವುದು, ಹಲಸಿನ ಹಣ್ಣಿನ ಮರದ್ದು, ಎಣ್ಣೆಯಲ್ಲಿ ಕರಿಯುವುದು ಎಂದು ಏನೇನೋ ತೊದಲಿದೆ. ಅವರು ಹಪ್ಪಳಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಒಂದೊಂದಾಗಿ ಸರಿಸಿ ನೋಡತೊಡಗಿದರು. ಒಂದು ಹಾಳೆ ಒಳಗೇ ಉಳಿದಿದ್ದರೆ? ನಾನು ಎಲ್ಲ ಬಿಡಿಸಿ ನೋಡಿದ್ದೆನೇ? ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ. ಖದೀಜ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿದ್ದಳು. ಕೊನೆಯ ಹಪ್ಪಳವನ್ನೂ ಸರಿಸಿ ಮಿಸ್ ಕಟ್ಟನ್ನು ನನ್ನ ಕೈಗೆ ಕೊಟ್ಟರು. ಕರಿಯಬೇಕಾದರೆ ರೂಮಿನಲ್ಲಿ ಬೇಡ ಎಂದು ಹೇಳಿ ಮುಂದಿನ ರೂಮಿಗೆ ಹೋದರು.

ಅವರ ಹೆಜ್ಜೆ ದೂರವಾದ ಮೇಲೆ ಖದೀಜ ನನ್ನ ಹತ್ತಿರ ಬಂದು, “ಐ ಹೇಟ್ ಯೂ,” ಎಂದು ಬಿಗಿಯಾಗಿ ತಬ್ಬಿಕೊಂಡಳು.

ಸಂಜೆಯೇ ಪುರಂದರಣ್ಣನ ಫೋನ್ ಬಂತು.

“ಚೆಕಿಂಗ್ ಎಂತ ಆಯ್ತು ಮಗಾ?”

“ಎಂತ ಆಗಲಿಲ್ಲ.”

“ದೇವರು ದೊಡ್ಡವ. ಹಾಗಾದ್ರೆ ನಾಳೆ ಬರ್ತೇನೆ.”

ಇಷ್ಟು ದಿನ ಇಲ್ಲದ ರಜೆ ನಾಳೆಗೆ ಎಲ್ಲಿಂದ ಹುಟ್ಟಿತು ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಗೇಟಿನ ಹೊರಗೆ ಸೆಕ್ಯೂರಿಟಿ ಕೋಣೆಯ ಪಕ್ಕ ಒಂದು ಕಲ್ಲಿನ ಬೆಂಚು ಇದೆ. ಮರುದಿನ ಪುರಂದರಣ್ಣ ಅಲ್ಲಿ ಕೂತಿದ್ದರು. ಊರಿಗೆ ಬಂದಾಗ ಸೆಂಟು ಹಚ್ಚಿ, ಬಿಳಿ ಶರ್ಟು ಹಾಕಿ ಮಿಂಚುತ್ತಿದ್ದ ಮನುಷ್ಯ ಇವರೇ ಎಂದು ನಂಬಲು ಕಷ್ಟವಾಯಿತು. ಕೆನ್ನೆ ಒಳಗೆ ಹೋಗಿತ್ತು. ಬೆರಳುಗಳು ಸುಮ್ಮನೆ ಕೂರುತ್ತಿರಲಿಲ್ಲ. ಅಮ್ಮ ಹೇಗಿದ್ದಾಳೆ, ಇಲ್ಲಿ ಊಟ ಸೇರುತ್ತದಾ ಎಂದೆಲ್ಲ ಕೇಳಿದರು. ಕಣ್ಣು ಮಾತ್ರ ನನ್ನ ಕೈಯ ಕಟ್ಟಿನ ಮೇಲೆಯೇ ಇತ್ತು. ಕೊಟ್ಟೆ. ಕೊಟ್ಟ ಕೂಡಲೇ ಅವರ ಕೈ ಹಪ್ಪಳಗಳ ನಟ್ಟನಡುವಿಗೆ ನೇರವಾಗಿ ಹೋಯಿತು. ತಡಕಾಡಲಿಲ್ಲ, ಹುಡುಕಲಿಲ್ಲ.

“ಎಲ್ಲಿ?” ಎಂದರು.

“ಕಮೋಡಿಗೆ ಹಾಕಿದೆ.”

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

“ನಿಮಗೆ ಗೊತ್ತಿತ್ತು,” ಎಂದೆ. “ಅದು ಇಲ್ಲಿ ತರಬಾರದ್ದು ಅಂತ ಮೊದಲೇ ಗೊತ್ತಿತ್ತು.”

“ಅದು ಇಲ್ಲದೆ ನಂಗೆ ಏಳ್ಲಿಕ್ಕೆ ಆಗುದಿಲ್ಲ ಮಗಾ. ಬೆನ್ನು ಮಾತ್ರ ಅಲ್ಲ, ಈಗ ಅದು ಇಲ್ಲದಿದ್ರೆ ಮೈಯೆಲ್ಲ ಎಂತೆಂತದೋ ಆಗ್ತದೆ. ಇಲ್ಲಿ ಡಾಕ್ಟ್ರು ಕೊಡುದಿಲ್ಲ.”

“ಎರಡು ವಾರದಿಂದ ಯಾಕೆ ಬರಲಿಲ್ಲ?”

ಅವರು ನೆಲ ನೋಡುತ್ತ ಹೇಳಿದರು. “ಏರ್‌ಪೋರ್ಟಲ್ಲಿ ನೋಡಿರ್ತಾರೋ, ನಿನ್ನ ಹಿಂದೆಯೇ ಬಂದು ಹಿಡಿತಾರೋ ಅಂತ ಹೆದ್ರಿಕೆ. ಸ್ವಲ್ಪ ದಿನ ಹೋಗ್ಲಿ ಅಂತ ಕಾದೆ. ನೀನು ಓದುವ ಹುಡುಗಿ, ನಿನ್ನ ಮೇಲೆ ಯಾರಿಗೂ ಸಂಶಯ ಬರುದಿಲ್ಲ.”

ನನಗೆ ಅಳು ಬರಲಿಲ್ಲ. ಬಂದದ್ದು ಕೊಳಕು ಸಿಟ್ಟು. ಎದುರಿಗಿರುವುದು ನನ್ನ ಅಪ್ಪನ ವಯಸ್ಸಿನವರು ಎಂಬುದನ್ನೂ ಮರೆಸುವಂಥದ್ದು.

“ಊರಲ್ಲಿ ಮಾತ್ರ ಹೇಳ್ಬೇಡ,” ಎಂದರು.

ನಾನು ಅಲ್ಲೇ, ಅವರ ಪಕ್ಕದಲ್ಲೇ ಕೂತು ಬೋಟಿಮ್ ಆ್ಯಪಿನಲ್ಲಿ ವಾರಿಜಕ್ಕನಿಗೆ ಕರೆ ಮಾಡಿದೆ. ಸ್ಪೀಕರಿಗೆ ಹಾಕಿದೆ. ಅವರು ಬೇಡ ಬೇಡ ಎಂದು ಕೈಸನ್ನೆ ಮಾಡಿದರು. ಅಷ್ಟರಲ್ಲಿ ಅವಳು ಎತ್ತಿಯಾಗಿತ್ತು.

“ಯಶೂ, ನಮ್ಮವರು ಸಿಕ್ಕಿದ್ರಾ? ಹಪ್ಪಳ ಕೊಟ್ಯಾ? ಒಳಗೆ ಅವರ ಬೆನ್ನಿನ ಮದ್ದು ಉಂಟು, ನಿಂಗೆ ಹೇಳ್ಲಿಕ್ಕೆ ಮರ್ತೇ ಹೋಯ್ತು. ಹಪ್ಪಳದ ಒಳಗೆ ಇಟ್ರೆ ಸೆಕೆಗೆ ಹಾಳಾಗುದಿಲ್ಲ ಅಂತ ಅವರೇ ಹೇಳಿದ್ದು.”

“ವಾರಿಜಕ್ಕ, ಆ ಮದ್ದು...”

“ಸಾಲದಿದ್ರೆ ಹೆದರ್ಬೇಡಿ ಹೇಳು ಅವರಿಗೆ. ನಮ್ಮ ರೋಷನ್‌ನ ವೀಸಾ ಬಂತು ನಿನ್ನೆ, ಮುಂದಿನ ವಾರ ಹೊರಡ್ತಾನೆ. ಅವನ ಕೈಯಲ್ಲಿ ಇನ್ನೊಂದು ಕಟ್ಟು ಕಳಿಸ್ತೇನೆ. ಮದ್ದು ತರಿಸಿ ಇಟ್ಟಾಗಿದೆ.”

ರೋಷನ್ ಅವರ ಒಬ್ಬನೇ ಮಗ.

ಪುರಂದರಣ್ಣ ದಡಕ್ಕನೆ ಎದ್ದರು, ಬೆನ್ನು ನೋವಿನವರು ಏಳುವ ಹಾಗಲ್ಲ. ಹಪ್ಪಳವೆಲ್ಲ ನೆಲಕ್ಕೆ ಚೆಲ್ಲಿತು. ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು.

“ಬೇಡ ವಾರಿಜ. ಅವನ ಕೈಯಲ್ಲಿ ಬೇಡ. ಈಗಲೇ ಬಿಸಾಡು ಅದನ್ನು. ಅವನ ಬ್ಯಾಗಿಗೆ ನೀನೂ ಎಂತದೂ ಹಾಕ್ಬೇಡ, ಯಾರು ಕೊಟ್ರೂ ತಕೊಳ್ಬೇಡ ಹೇಳು. ಸಿಕ್ಕಿಬಿದ್ರೆ ಅವನ ಜೀವನವೇ ಹೋಯ್ತು.”

ಆ ಕಡೆಯಿಂದ ವಾರಿಜಕ್ಕ ಏನೂ ಅರ್ಥವಾಗದವಳಂತೆ ಕೇಳಿದಳು. “ಮತ್ತೆ ಯಶು ತಂದದ್ದಲ್ವಾ?”

ಪುರಂದರಣ್ಣ ಆ ದಿನ ಮೊದಲ ಸಲ ನನ್ನ ಮುಖ ನೋಡಿದರು.

ನಾನು ಫೋನಿನ ಕಡೆಗೆ ಕತ್ತು ಚಾಚಿ, “ಹೌದು ವಾರಿಜಕ್ಕ, ನಾನೇ ತಂದದ್ದು,” ಎಂದೆ. “ನಾನು ತರಬಹುದಂತೆ, ರೋಷನ್ ತರಬಾರದಂತೆ. ಯಾಕೆ ಅಂತ ನಿಮ್ಮವರನ್ನೇ ಕೇಳಿ. ನಾನೂ ಇಲ್ಲೇ ಕೂತಿದ್ದೇನೆ, ನನಗೂ ಕೇಳಬೇಕು.”

ಅವರು ಹೇಳುವವರೆಗೂ ನಾನು ಆ ಬೆಂಚಿನಿಂದ ಏಳಲಿಲ್ಲ.